ಲುದ್ಯವ್ವನ ಕಣ್ಣು

ಹದಿನೇಳನೇ ನಂಬರಿನ ಹುಡುಗಿ
ಜೀವವಿಕಾಸದ ನಾಲ್ಕು ಅಂಕದ ಪ್ರಶ್ನೆಗೆ
ಒಂದೇ ಸಾಲು ಬರೆದಿದ್ದಾಳೆ:
"ಉತ್ತರ ಗೊತ್ತೈತ್ರಿ ಟೀಚರ್. ಬರದ್ರ ದೇವ್ರು ಸಿಟ್ಟಾಗ್ತಾನೇನ್ರಿ?"
ಭಾನುವಾರ ನನ್ನ ಹಿಂದಿನ ಬೆಂಚಿನಲ್ಲಿ ಕೂರುವವಳು.

ಕೆಂಪು ಪೆನ್ನು ಮುಚ್ಚಿಟ್ಟೆ.
ಪಡಸಾಲೆಯಲ್ಲಿ ಅಪ್ಪನ ಕುಣಿಮಗ್ಗ
ಖಟ್ ಖಟಲ್, ಖಟ್ ಖಟಲ್,
ಗುಳೇದಗುಡ್ಡದ ನಮ್ಮ ಓಣಿಯಲ್ಲಿ ಉಳಿದ ಒಂದೇ ಸದ್ದು.

ನಿನ್ನೆ ಹುಬ್ಬಳ್ಳಿಯಿಂದ ಬಂದ ಬೋಧಕರು ಕೇಳಿದ್ದರು:
"ಕಣ್ಣನ್ನೇ ನೋಡಿರಿ. ರೆಪ್ಪೆ, ಪಾಪೆ, ನೀರು, ನರ,
ಒಂದು ಕಡಿಮೆಯಾದರೂ ಕುರುಡು.
ತಾನಾಗೇ ಆಯಿತೇ ಇದು? ಹೇಳಿರಿ, ತಾನಾಗೇ?"
ಸಭೆಯ ಹಿರಿಯ ನಥನಿಯೇಲಪ್ಪ, ನನ್ನ ಅಪ್ಪ,
ಎಲ್ಲರಿಗಿಂತ ದೊಡ್ಡದಾಗಿ ಆಮೆನ್ ಅಂದ,
ಅಂದು, ತಿರುಗಿ ನನ್ನನ್ನೇ ನೋಡಿದ.
ನಾನು ಸೆರಗಿನ ಚುಂಗು ಬೆರಳಿಗೆ ಸುತ್ತುತ್ತಿದ್ದೆ.

ಮನೆಗೆ ಬಂದರೆ ಅದೇ ಮಾತು, ರೊಟ್ಟಿಯ ಜೊತೆ:
"ನೇಯಾಂವ ಇಲ್ಲದ ಖಣ ಯಾವ ಪ್ಯಾಟ್ಯಾಗ ಕಂಡೀ ಹೇಳವ್ವಾ?"
ಗೂಡಿನಿಂದ ಕಲ್ಲು ಇಳಿಸಿ ಅವನ ತಾಟಿನ ಪಕ್ಕ ಇಟ್ಟೆ.
ಲೋಕಾಪುರದ ದಾರಿಯಲ್ಲಿ ಹೆಕ್ಕಿದ ಸುಣ್ಣದ ಕಲ್ಲು,
ಸೀಳಿದ ಮೈಯಲ್ಲಿ ಉಳ್ಳಾಗಡ್ಡಿಯ ಹಾಗೆ ಸುತ್ತು, ಸುತ್ತು.
"ಪಾಚಿ ಅಪ್ಪಾ. ಇಲ್ಲೆಲ್ಲ ಸಮುದ್ರ ಇದ್ದಾಗಿನ ಪಾಚಿ.
ಕಣ್ಣಿರಲಿಲ್ಲ ಅದಕ್ಕ. ಬಿಸಿಲು ಯಾವ ಕಡೆ
ಅನ್ನೂದಷ್ಟ ಗೊತ್ತಿತ್ತು. ಅಲ್ಲಿಂದ ಸುರು."
ಅವನು ಕಲ್ಲು ಮೂಸಿದ. ಅಂಗೈಯಲ್ಲಿ ತೂಗಿದ.
"ಎಷ್ಟು ವರ್ಷದ್ದು?"
ಹೇಳಿದೆ. ಸೊನ್ನೆಗಳು ಮುಗಿಯುವಷ್ಟರಲ್ಲಿ
ಪುಂಡಿಪಲ್ಲೆ ಆರಿತ್ತು.
"ಆರು ದಿನ ಅಂತ ಐತಿ" ಎಂದ, ಸಣ್ಣ ದನಿಯಲ್ಲಿ,
ಅಂಗಡಿಯವನ ಲೆಕ್ಕ ತಾಳೆಯಾಗದೆ ನಿಂತವನ ಹಾಗೆ.

ಈಗ ಚಹಾ ಒಯ್ದೆ.
ಕುಣಿಯಲ್ಲಿ ಅವನ ಪಾದ ಊರುವ ಚಪ್ಪಡಿಯ ತುಂಬ ತೆರೆ,
ನೀರು ಹೋಗಿ, ಮರಳು ಕಲ್ಲಾಗಿ, ಗೆರೆಯಷ್ಟೇ ಉಳಿದದ್ದು.
ಅರವತ್ತು ವರ್ಷ ತುಳಿದ ಹಿಮ್ಮಡಿ
ಎರಡು ತೆರೆ ಸವೆಸಿದೆ.
ಲೋಟ ಇಡಲು ಬಗ್ಗಿದಾಗ ಖಣ ಕಂಡಿತು:
ಕೆಂಪು ಹಾಸಿನ ಮೇಲೆ ಸಾಲು ಸಾಲು ಕಣ್ಣು.

"ಈ ಬುಟ್ಟಾ ಯಾರು ತಗದದ್ದು ಅಪ್ಪಾ?"
ಗೊತ್ತಿದ್ದೇ ಕೇಳಿದೆ.
ಲಾಳಿ ನಿಂತಿತು.

ಲುದ್ಯವ್ವ, ಅವನ ಅಜ್ಜಿ. ಎಡಗಣ್ಣಿಗೆ ಪೊರೆ.
ಕಳಸ ನೇಯಲು ಕೂತವಳು ಎಣಿಕೆಯಲ್ಲಿ ಎರಡೆಳೆ ತಪ್ಪಿದಳು.
ಕಳಸ ಅಡ್ಡಬಿತ್ತು. ನಡುವೆ ಒಂದು ಚುಕ್ಕಿ.
ಬಿಚ್ಚಲು ಹೊತ್ತಿಲ್ಲ, ಮರುದಿನ ಸಂತೆ.
ಇಳಕಲ್ಲಿನ ಹೆಂಗಸರು ನೆಟ್ಟಗಿದ್ದ ಕಳಸಗಳನ್ನು ಸರಿಸಿ
ಆ ತಪ್ಪನ್ನೇ ಎತ್ತಿಕೊಂಡರು.
ಮುಂದಿನ ವಾರ ಬಂದು ಅದನ್ನೇ ಕೇಳಿದರು.
ರೆಪ್ಪೆಯ ಗೆರೆ ಅವನವ್ವನ ಕಾಲಕ್ಕೆ ಬಂತು,
ಪಾಪೆಯೊಳಗಿನ ಜರಿ ಅವನದೇ.
ಯಾರೂ ಕೊಳ್ಳದ ತಪ್ಪುಗಳು ಎಷ್ಟೋ
ನೆಲ ಒರೆಸುವ ಅರಿವೆಯಾಗಿ ಹೋದವು.

ಹೇಳಿ ಮುಗಿಸುವ ಹೊತ್ತಿಗೆ ಅವನಿಗೇ ತಿಳಿಯಿತು
ತನ್ನ ಕಥೆ ಯಾರ ಕಡೆ ಸಾಕ್ಷಿ ನಿಂತಿತೆಂದು.
ನಾನು ನಗಲಿಲ್ಲ. ಗೆದ್ದೆ ಅಂತಲೂ ಅನಿಸಲಿಲ್ಲ.
ಮಗ್ಗ ಇತ್ತಲ್ಲ ಅಲ್ಲಿ.
ಕಣ್ಣು ಮಂಜಾಗುತ್ತಿದ್ದರೂ ಏಳದೆ ಕೂತವಳು ಇದ್ದಳಲ್ಲ.

ಬಹಳ ಹೊತ್ತಿನ ಮೇಲೆ ಅಪ್ಪ ಅಂದ:
"ತಪ್ಪಿದ್ದು ಕತ್ತರಿಸಿ ಒಗೀಲಿಲ್ಲ ಆಕಿ.
ಹಂಗ ಬಿಟ್ಟಳು. ಅದೂ ನೇಯೂದ ಅಲ್ಲೇನವ್ವಾ?"
ಆಮೇಲೆ, ಚಹಾದ ತಳ ಹೀರಿ,
"ಬೋಧಕರ ಮುಂದ ಇದನ್ನ ಹೇಳಬ್ಯಾಡ."

ಒಳಗೆ ಬಂದು ಹದಿನೇಳನೇ ನಂಬರು ತೆರೆದೆ.
ಅಂಚಿನಲ್ಲಿ ಬರೆದೆ: ಸಿಟ್ಟಾಗಂಗಿಲ್ಲ. ಬರಿ.
ಅಂಕದ ಜಾಗ ಖಾಲಿ ಬಿಟ್ಟೆ.

ಖಟ್ ಖಟಲ್, ಖಟ್ ಖಟಲ್, ಖಟ್.
ಎಲ್ಲೋ ಒಂದೆಳೆ ತಪ್ಪಿತು, ಸದ್ದಿನಲ್ಲೇ ತಿಳಿಯಿತು.
ಅಪ್ಪ ನಿಂತ, ಒಂದು ಉಸಿರಿನಷ್ಟು.
ಬಿಚ್ಚುವ ಸದ್ದಿಗೆ ಕಿವಿಗೊಟ್ಟು ಕೂತೆ.
ಲಾಳಿ ಮುಂದೆ ಓಡಿತು.