ಒಂದರಿಂದ ಏಳರವರೆಗೆ

ಕ್ಲೈಪೆಡಾ ಬಂದರಿನಲ್ಲಿ ಮಾರ್ಚಿಯ ಗಾಳಿ
ಕೈಲಿದ್ದ ಕಾಗದಕ್ಕೇ ಕಣ್ಣು ಹಾಕಿತ್ತು.
ನನ್ನದು ಒಂದೇ ಪ್ರಶ್ನೆ:
ನಿಮ್ಮ ಮೇಲಿನವರ ಮೇಲಿನವರ ಮೇಲೆ
ಕೂತವರ ಕೈ ಎಷ್ಟು ಉದ್ದ?
ಒಂದರಿಂದ ಏಳರವರೆಗೆ ಅಂಕ ಕೊಡಿ.

ಕ್ರೇನಿನಿಂದಿಳಿದ ವಿದ್ಮಂತಾಸ್
ಕೈಗವಸು ಕಳಚದೆ ನಕ್ಕ.
"ಆ ಕಾಲದ ಡೈರೆಕ್ಟರಿಗೆ ಬೊಜ್ಜಿತ್ತು, ಕೆಮ್ಮಿತ್ತು.
ಮಗಳ ಮದುವೆಗೆ ಎರಡು ಪೆಟ್ಟಿಗೆ ವೋಡ್ಕಾ ಕಳಿಸಿದ್ದ;
ಎದುರು ಮಾತಾಡಿದ್ದಕ್ಕೆ
ಮನೆ ಸಿಗುವ ಸಾಲಿನ ತುದಿಗೆ ತಳ್ಳಿದ್ದ, ಒಂಬತ್ತು ವರ್ಷ.
ಕೆಮ್ಮು ಕೇಳಿದರೆ ಸಾಕು
ಬೆರಳಸಂದಿಯ ಸಿಗರೇಟು ತಾನಾಗಿ ಆರುತ್ತಿತ್ತು.
ಈಗಿನವನು ಯಾವ ದೇಶದಲ್ಲಿದ್ದಾನೋ.
ಇದ್ದಕ್ಕಿದ್ದಂತೆ ಹೆಲ್ಮೆಟ್ಟಿನ ಬಣ್ಣ ಬದಲಾಗುತ್ತದೆ,
ಆಗ ತಿಳಿಯುತ್ತದೆ, ನಮ್ಮನ್ನು ಮತ್ತೆ ಮಾರಿದ್ದಾರೆ."
ಹಾಗಾದರೆ ಎಷ್ಟು ಬರೆಯಲಿ?
"ಕೆಮ್ಮಿಗೆ ಏಳು ಬರಿ.
ಬಣ್ಣಕ್ಕೆ ನಿನ್ನ ಕಾಗದದಲ್ಲಿ ಜಾಗ ಇಲ್ಲ."

ಬ್ಯಾಂಕಿನಲ್ಲಿ ಗೋಡೆಗಳೆಲ್ಲ ಗಾಜು.
ಔಶ್ರಿನೆ ಕಾಫಿ ಕೊಟ್ಟಳು, ಬಿಸ್ಕತ್ತು ಕೊಟ್ಟಳು.
"ನಮ್ಮಲ್ಲಿ ಮೇಲು ಕೆಳಗು ಇಲ್ಲ,
ದೊಡ್ಡವರನ್ನೂ ಹೆಸರು ಹಿಡಿದೇ ಕರೆಯುತ್ತೇವೆ."
ಎರಡು ಎಂದು ದುಂಡಗೆ ಬರೆದಳು.
ಕಾಗದ ಮಡಿಸುವಾಗ ಕೇಳಿದಳು,
"ಇದರಲ್ಲಿ ನನ್ನ ಹೆಸರು ಬರುವುದಿಲ್ಲ ತಾನೇ?"
ಲಿಫ್ಟಿನವರೆಗೂ ಬಂದು
ಇನ್ನೊಮ್ಮೆ ಕೇಳಿದಳು.

ಆಸ್ಪತ್ರೆಯಲ್ಲಿ ರಾತ್ರಿಪಾಳಿ ಮುಗಿಸಿದ ಗೆನೊವೈತೆ:
"ಪಾಪ, ನಮ್ಮ ನಿರ್ದೇಶಕರು.
ರಾಜಧಾನಿಗೆ ಹೋಗುತ್ತಾರೆ, ಬರಿಗೈಲಿ ಬರುತ್ತಾರೆ.
ಮೂರನೇ ಮಹಡಿಯ ಕಿಟಕಿ ಸಂದಿಗೆ
ನಾವೇ ಹತ್ತಿ ತುರುಕಿದ್ದೇವೆ ನೋಡಿ.
ಒಂದು ಕೊಡಿ.
ಅದನ್ನೂ ಮಂತ್ರಾಲಯಕ್ಕೆ ಕೇಳಿ ಕೊಡಿ."
ಆಮೇಲೆ ಚಪ್ಪಲಿ ಬದಲಿಸುತ್ತ, ತಲೆ ಎತ್ತದೆ,
"ಅಕ್ಕನ ಮಣ್ಣಿಗೆ ಹೋಗಲು ರಜೆ ಕೇಳಿದ್ದೆ.
ಸಹಿ ಹಾಕಲಿಲ್ಲ."
ಒಂದನ್ನು ಅವಳು ತಿದ್ದಲಿಲ್ಲ.
ಪೆನ್ನನ್ನು ವಾಪಸು ಕೊಡಲೂ ಇಲ್ಲ.

ಬಸ್ ಸ್ಟಾಪಿನ ಬೆಂಚಿನಲ್ಲಿ ಕೂತಿದ್ದೆ, ಫೋನು.
ನಮ್ಮ ಸಂಸ್ಥೆಯ ಮುಖ್ಯಸ್ಥರು.
"ಸರಾಸರಿ ಎಷ್ಟು ಬಂತು?"
ಮೂರು ಚಿಲ್ಲರೆ, ಎಂದೆ.
"ಚಿಲ್ಲರೆ ಬಿಡಿ, ಮೂರು ಅನ್ನಿ."
ಸರಿ, ಮೂರು.
ಕೋಟಿನ ಗುಂಡಿಯನ್ನು ಕತ್ತಿನವರೆಗೂ
ಯಾವಾಗ ಹಾಕಿಕೊಂಡೆನೋ, ಯಾವಾಗ ಎದ್ದು ನಿಂತೆನೋ.
ಬಸ್ಸು ಬಂದು ಹೋಗಿತ್ತು.
ನಾನು ಕೂತಿದ್ದ ಜಾಗದಲ್ಲಿ ಯಾರೋ ಮುದುಕಿ
ಹೊಗೆಮೀನಿನ ಚೀಲ ಇಟ್ಟು
ಹಾಯಾಗಿ ಕಾಲು ಚಾಚಿದ್ದಳು.