ಅರ್ಧ ಉಪ್ಪು

ಮಸಾಕಾ ದಾರಿಯ ಪಕ್ಕ
ಹಳೆ ಹಾಲಿನ ಡೈರಿಯೇ ಈಗ ಲ್ಯಾಬು.
ಕಪಾಟಿನ ತುಂಬ ಜಾಮ್ ಬಾಟಲಿ,
ಒಂದೊಂದರಲ್ಲೂ ಕಿರುಬೆರಳುದ್ದ ಬಾಳೆ.
ಮಣ್ಣು ಕಂಡಿಲ್ಲ ಯಾವುದೂ.

ಆರು ವಾರದಿಂದ ಉಣ್ಣುತ್ತಿವೆ:
ಸಕ್ಕರೆ, ನೈಟ್ರೇಟು, ಚಿಟಿಕೆ ಕಬ್ಬಿಣ,
ಎಲ್ಲ ಲೋಳೆಯಲ್ಲಿ ಕಲಸಿ ಬುಡಕ್ಕೇ ಬಡಿಸಿದ್ದು.
ಎಲೆಯ ಮೇಲೆ ಎಲೆ. ಬೇರು ಮಾತ್ರ ಇಲ್ಲ.
ಕೂತಲ್ಲೇ ಊಟ ಬರುವವರಿಗೆ ಕಾಲೇಕೆ?

"ಅರ್ಧಕ್ಕಿಳಿಸು ಉಪ್ಪು," ಎಂದ ಸ್ಸಾಲಿ,
"ಇದ್ದಿಲಪುಡಿ ಹಾಕು, ಕತ್ತಲಾಗಲಿ."
ನಬುಕೀರಾ ತೂಗಿದಳು.
ತಕ್ಕಡಿಯ ಅಂಕಿ ನಡುಗಿ ನಿಂತಿತು.
ಹತ್ತನೆಯ ದಿನ, ಕರೆಂಟು ಹೋದ ಹೊತ್ತು,
ಬಾಟಲಿ ಎತ್ತಿ ಟಾರ್ಚು ಬಿಟ್ಟರೆ
ಕಪ್ಪಿನಲ್ಲಿ ಬಿಳಿ ನೂಲು,
ಅಡ್ಡಾದಿಡ್ಡಿ ಹೊರಟು
ಗಾಜು ತಾಗಿ ಹಿಂತಿರುಗಿದ್ದು.

ಕುಣಿಯಬೇಡ, ಎಂದ ಮುದುಕ.
ಇವಕ್ಕೆ ರೋಮವಿಲ್ಲ, ಹೀರಲು ಬರದು.
ಮಣ್ಣಿಗಿಟ್ಟರೆ ಸಾಯುತ್ತವೆ;
ಬೇರೆ ಬೇರು ಹುಟ್ಟಬೇಕು.

ಉಗುರುಬೆಚ್ಚನೆ ನೀರಲ್ಲಿ ಲೋಳೆ ತೊಳೆಯುತ್ತಾಳೆ,
ಹಸುಗೂಸಿನ ಕಿವಿಹಿಂದೆ ತೊಳೆದಂತೆ.
ಚೂರು ಉಳಿದರೂ ಬೂಷ್ಟು.

ಮೊನ್ನೆ ಅಜ್ಜಿ ಕೇಳಿದ್ದಳು:
"ನಿನ್ನ ಮಾಸು ಹೂತದ್ದು ಬಾಳೆಯ ಬುಡಕ್ಕೆ,
ನಾನೇ ಅಗೆದಿದ್ದೆ.
ಈ ಗಾಜಿನ ಕೂಸುಗಳದ್ದು ಎಲ್ಲಿ?"

ನಕ್ಕಿದ್ದಳು ಆಗ. ಈಗ
ಒದ್ದೆ ಕೈ ಲಂಗಕ್ಕೆ ಒರೆಸಿ ಹೊರಬಂದು
ಕೆಮ್ಮಣ್ಣಿನ ತಟ್ಟೆಯಲ್ಲಿ ಬೆರಳಿಂದ ಗುಳಿ ತೋಡುತ್ತಾಳೆ,
ತೊಂಬತ್ತಾರು.
ಮೇಲೆ ಪ್ಲಾಸ್ಟಿಕ್ ಹೊದಿಸುತ್ತಾಳೆ.
ನಾಳೆಯಿಂದ ದಿನಕ್ಕೆರಡು ಬೆರಳು ಸರಿಸಬೇಕು,
ಬಾಯಾರುವುದನ್ನು ಕಲಿಯಲಿ ಎಂದು.