ಬಿಡಿಸಿ ಹೇಳು

ಬೈನಾ ಬೀಚಿನ ನಮ್ಮ ಸಾಲಿನಲ್ಲಿ
ಇಂಗ್ಲಿಷು ಬರುತ್ತಿದ್ದುದು ನನಗೊಬ್ಬನಿಗೆ,
ಅದೂ ಎಂಟನೆತ್ತೆಯಷ್ಟು.
ಹುಲಿಗೆವ್ವ ಮೊಬೈಲು ಹಿಡಿದು ಬಂದಳು, ಕೈ ಇನ್ನೂ ಒದ್ದೆ,
ಮುಸುರೆ ತಿಕ್ಕಿದ ಬೂದಿ ಉಗುರಲ್ಲಿ.
"ಸರಕಾರದ್ದಂತ. ಬಿಡಿಸಿ ಹೇಳು ತಮ್ಮಾ."

ಪರದೆ ಒಡೆದಿತ್ತು. ಬಿರುಕಿನ ಅಡಿಯಲ್ಲಿ
ವಿ, ಎಸ್, ಸಿ, ಎಸ್.
ನನಗೂ ಗೊತ್ತಿರಲಿಲ್ಲ. ಬಂದರಿನ ಗೇಟಿನ ತನಕ ಓಡಿ
ವಾಚ್‌ಮನ್ ತಿಮೊತೇವನ್ನು ಕೇಳಿ
ಅಂಗೈ ಮೇಲೆ ಬರೆಸಿಕೊಂಡು ಬಂದೆ:
ವೆರಿ ಸಿವಿಯರ್ ಸೈಕ್ಲೋನಿಕ್ ಸ್ಟಾರ್ಮ್.

"ವೆರಿ ಅಂದ್ರ ಭಾಳ."
"ಹೂಂ."
"ಸಿವಿಯರ್ ಅಂದ್ರೂ ಭಾಳನ."
"ಭಾಳ ಭಾಳ," ಅಂದಳು. "ಮುಂದ?"
"ಸುಳಿಗಾಳಿ. ಆಮ್ಯಾಲ ಬಿರುಗಾಳಿ."
"ಗಾಳಿ ಗಾಳಿ."
ಬೆರಳು ಮಡಚಿ ಎಣಿಸಿ ನೋಡಿದಳು.
"ಎರಡ ಮಾತು. ಎರಡೆರಡು ಸಲ ಹೇಳ್ಯಾರ.
ಹೆದರಿದ ಬಾಯಿ ಹಂಗ ತೊದಲತೈತಿ."

ಸಂಜೆ ಬಂದರಿನ ಕಂಬಕ್ಕೆ
ಬೋರಲು ಹಾಕಿದ ಬುಟ್ಟಿಯಂಥ ಕರಿಯದೊಂದು ಏರಿತು.
ಯಮನಪ್ಪ ಮಾವ ತಗಡಿನ ಮೇಲೆ ಹೇರಿದ
ಹದಿನೇಳು ಕಲ್ಲು, ಒಂದು ಲಾರಿ ಟೈರು,
ಸುಟ್ಟುಹೋದ ಮಿಕ್ಸರಿನ ಮೋಟಾರು.
ಹುಲಿಗೆವ್ವ ರೇಷನ್ ಕಾರ್ಡು, ಮಗಳ ಟೀಸಿ
ಹಾಲಿನ ಪಾಕೀಟಿನೊಳಗೆ ಮಡಚಿಟ್ಟು
ಕುಪ್ಪಸದಲ್ಲಿ ತುರುಕಿಕೊಂಡಳು.

ಇಡೀ ರಾತ್ರಿ ತಗಡು ಎದ್ದು ಕೂತು, ಎದ್ದು ಕೂತು.
ಸಮುದ್ರ ಹೊಸ್ತಿಲ ತನಕ ಬಂದು
ಬಚ್ಚಲ ಹಂಡೆಯೊಂದನ್ನು
ತನ್ನದೇ ಎಂಬಂತೆ ಹೊತ್ತುಕೊಂಡು ಹೋಯಿತು.
ಬೆಳಗಿಗೆ ಗುಜರಾತಿನ ಕಡೆ ಹೊರಳಿತಂತೆ.
ಹಾರಿದ ತಗಡು ಎರಡು. ಸಿಕ್ಕಿದ್ದು ಒಂದು,
ಅದೂ ಚರ್ಚಿನ ಗೋಡೆಯಾಚೆ, ಬಾಳೆಗಿಡದ ಮೇಲೆ.
"ನಿನ್ನ ಭಾಳ ಭಾಳ ಇಷ್ಟನ ಏನೋ?"
ಅಂತ ನಕ್ಕಳು. ನನಗೆ ಯಾಕೋ ನಾಚಿಕೆಯಾಯಿತು,
ನಾನೇ ಕರೆದು ತಂದಿದ್ದ ಗಾಳಿಯೇನೋ ಎಂಬಂತೆ.

ಮಳೆಗಾಲ ಮುಗಿದ ಮೇಲೆ ಬಾಗಿಲಿಗೆ ಕಾಗದ ಅಂಟಿಸಿ ಹೋದರು.
ಅಂಟು ಇನ್ನೂ ಹಸಿ.
ಸಿ, ಆರ್, ಝಡ್.
"ಬಿಡಿಸಿ ಹೇಳು."
ಈ ಸಲ ಯಾರನ್ನೂ ಕೇಳಬೇಕಾಗಲಿಲ್ಲ,
ಒಂದೊಂದಕ್ಕೂ ಕೆಳಗೇ ಅರ್ಥ ಬರೆದಿದ್ದರು:
ಕೋಸ್ಟಲ್, ದಂಡೆ.
ರೆಗ್ಯುಲೇಶನ್, ಕಟ್ಟಳೆ.
ಝೋನ್, ಜಾಗ.
ಅವಳು ಮೂರು ಬೆರಳು ಮಡಚಿದಳು, ಬಿಚ್ಚಿದಳು,
ಮತ್ತೆ ಮಡಚಿದಳು.
"ಮೂರೂ ಬ್ಯಾರೆ ಬ್ಯಾರೆ," ಅಂದಳು.
"ಎಲ್ಲೂ ತೊದಲಿಲ್ಲ ನೋಡು."

ಜೇಸಿಬಿಗೆ ಯಾರೂ ಅರ್ಥ ಕೇಳಲಿಲ್ಲ.
ಬೆಳಿಗ್ಗೆ ಏಳಕ್ಕೆ ಬಂತು, ಸಮುದ್ರ ಸುಮ್ಮನಿತ್ತು,
ಎಣ್ಣೆ ಹಚ್ಚಿ ಬಾಚಿದ ತಲೆಯ ಹಾಗೆ.
ಹತ್ತರೊಳಗೆ ನಮ್ಮ ಸಾಲು ಬಿಡಿಸಿದರು.

ಝುವಾರಿನಗರಕ್ಕೆ ಹೊರಟ ಟೆಂಪೋದಲ್ಲಿ
ಪಾತ್ರೆ, ಹಾಸಿಗೆ, ಟೀವಿಯ ಮೇಲೆ
ಅವಳು ಕಲ್ಲು ಪೇರಿಸತೊಡಗಿದಳು, ಸಿಕ್ಕಿದ ಹನ್ನೊಂದು.
ಡ್ರೈವರ್ ಬೈದ: ಕಲ್ಲಿಗೇನು ಬರವೇ ಅಲ್ಲಿ?
"ಇವಕ್ಕ ರೂಢಿ ಆಗೈತಿ," ಅಂದಳು.
ಐವತ್ತು ರೂಪಾಯಿ ಹೆಚ್ಚಿಗೆ ಕೇಳಿದ.
ಕುಪ್ಪಸದಿಂದ ಹಾಲಿನ ಪಾಕೀಟು ತೆಗೆದು
ಟೀಸಿಯ ಮಡಿಕೆಯಿಂದ
ಹುಡುಕಿ ಕೊಟ್ಟಳು.